ನೂಲು ಬೇರೆ, ಗಡ್ಡಿ ಬೇರೆ: ಅಳಿದ ಪ್ರಾಣಿ ಮರಳಿ ತರುವ ವಿಜ್ಞಾನವನ್ನು ಮಕ್ಕಳಿಗೆ ತೋರಿಸುವುದು ಹೇಗೆ

"ಅಕ್ಕೋರ, ಯಾವಾಗೋ ಸತ್ತುಹೋಗಿದ್ದ ತೋಳ ಮತ್ತ ಹುಟ್ಟ್ಯಾವಂತ್ರಿ. ಹಂಗಾರ ನಮ್ಮ ಅಜ್ಜನ ಎತ್ತೂ ಮತ್ತ ಹುಟ್ಟಸಾಕ ಬರ್ತೈತೇನ್ರಿ?"

ಬೇಸಿಗೆ ರಜೆ ಮುಗಿಸಿ ಬಂದ ಒಂಬತ್ತನೇ ತರಗತಿಯ ಹುಡುಗ ಹೀಗೆ ಕೇಳಿದ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲೊಸಲ್ ಅನ್ನುವ ಕಂಪನಿ ಮೂರು ಬಿಳಿ ತೋಳದ ಮರಿಗಳನ್ನು ತೋರಿಸಿತ್ತಲ್ಲ, 10,000 ವರ್ಷಗಳಿಗೂ ಹಿಂದೆ ಅಳಿದುಹೋದ ಡೈರ್ ತೋಳವನ್ನು ಮರಳಿ ತಂದಿದ್ದೇವೆ ಅಂತ, ಆ ವಿಡಿಯೊ ಅವನ ಅಪ್ಪನ ಮೊಬೈಲಿಗೂ ಬಂದಿತ್ತು. ನಾನು ಐದು ನಿಮಿಷ ಜೀನ್, ಕ್ಲೋನ್ ಅಂತ ಹೇಳಿದೆ. ಹುಡುಗ ಹೂಂ ಅಂದ. ಅರ್ಥ ಆಗಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಒಳ್ಳೆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಿಲ್ಲ ಅನ್ನುವುದು ಮನಸ್ಸಿನಲ್ಲೇ ಕೂತಿತು. ಆಮೇಲೆ ಓದಿ, ಮಾಡಿ ನೋಡಿ, ಮೂರು ದಿನದ ಒಂದು ಪಾಠ ಕಟ್ಟಿಕೊಂಡೆ. ನಾನು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕಿನಲ್ಲಿ ವಿಜ್ಞಾನ ಹೇಳುತ್ತೇನೆ. ನೀವು ವಿಜಯಪುರದಲ್ಲಿ, ಗೋಕಾಕದಲ್ಲಿ, ಎಲ್ಲಿದ್ದರೂ ಮಾಡಬಹುದು. ಶಾಲೆಯೇ ಆಗಬೇಕು ಅಂತಿಲ್ಲ, ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ಸಾಕು. ಬೇಕಾಗೋದು ಎರಡು ಉಳ್ಳಾಗಡ್ಡಿ, ಎರಡು ಲಗ್ನಪತ್ರಿಕೆ, ಮತ್ತೆ ನಿಮ್ಮೂರ ದನದ ದವಾಖಾನಿ ಡಾಕ್ಟರಿಗೆ ಒಂದು ಫೋನ್.

ಮೊದಲ ದಿನ: ಉಳ್ಳಾಗಡ್ಡಿ

ಒಂದು ದೊಡ್ಡ ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ. ಅರ್ಧ ಲೋಟ ನೀರಿಗೆ ಒಂದು ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ನಿಧಾನಕ್ಕೆ ಕಲಸಿ. ನೊರೆ ಬರಬಾರದು, ನೊರೆ ಬಂದರೆ ಮುಂದೆ ಏನೂ ಕಾಣೋದಿಲ್ಲ. ಹೆಚ್ಚಿದ ಉಳ್ಳಾಗಡ್ಡಿಯನ್ನು ಇದರಲ್ಲಿ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿ ಹತ್ತು ಹದಿನೈದು ನಿಮಿಷ ಇಡಿ. ನೀರು ಕುದಿಯುತ್ತಿರಬಾರದು, ಬೆರಳು ಅದ್ದಿದರೆ ತಟ್ಟನೆ ತೆಗೆಯುವಷ್ಟು ಬಿಸಿ ಇರಬೇಕು, ಅಂದರೆ 55ರಿಂದ 60 ಡಿಗ್ರಿ. ಆಮೇಲೆ ಆರಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಸೋಸುವಾಗ ಹಿಂಡಬೇಡಿ, ತಾನಾಗಿ ಇಳಿಯಲಿ.

ಈಗ ಗಾಜಿನ ಲೋಟದಲ್ಲಿ ಕಾಲು ಭಾಗ ಈ ನೀರು ತಗೊಳ್ಳಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ ತಂದು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ ಇಟ್ಟಿರಬೇಕು, ಚೆನ್ನಾಗಿ ತಣ್ಣಗಿದ್ದಷ್ಟೂ ಒಳ್ಳೆಯದು. ಲೋಟವನ್ನು ಓರೆ ಮಾಡಿ, ಗಾಜಿನ ಅಂಚಿನ ಮೇಲೆ ಇಳಿಯುವ ಹಾಗೆ ಅಷ್ಟೇ ಪ್ರಮಾಣದ ಸ್ಪಿರಿಟ್ ಹಾಕಿ. ಎರಡೂ ಬೆರೆಯಬಾರದು, ಹಾಲಿನ ಮೇಲೆ ಕೆನೆ ನಿಂತ ಹಾಗೆ ಮೇಲೆ ನಿಲ್ಲಬೇಕು. ಒಂದು ಎಚ್ಚರಿಕೆ: ಸ್ಪಿರಿಟ್ ತೆಗೆಯುವ ಮೊದಲು ಒಲೆ, ಸ್ಟೋವ್, ಊದಿನಕಡ್ಡಿ ಎಲ್ಲ ಆರಿಸಿ. ಮಕ್ಕಳ ಕೈಗೆ ಬಾಟಲಿ ಕೊಡಬೇಡಿ.

ಐದು ನಿಮಿಷ ಸುಮ್ನೆ ಕೂತು ನೋಡಿ. ಎರಡು ಪದರ ಸೇರುವ ಕಡೆ ಮೊದಲು ಸಣ್ಣ ಸಣ್ಣ ಗುಳ್ಳೆ ಬರುತ್ತವೆ. ಆಮೇಲೆ ಮಂಜು ಕಟ್ಟಿದ ಹಾಗೆ ಬೆಳ್ಳಗಾಗುತ್ತದೆ. ಆ ಮಂಜು ಎಳೆ ಎಳೆಯಾಗಿ ಮೇಲೇಳುತ್ತದೆ. ತೆಳ್ಳನೆ ಕಡ್ಡಿ ಇಳಿಸಿ ಮೆಲ್ಲಗೆ ತಿರುಗಿಸಿದರೆ, ಅರಳೆಯಿಂದ ಬತ್ತಿ ಹೊಸೆದ ಹಾಗೆ, ಲೋಳೆ ಲೋಳೆಯಾದ ಬಿಳಿ ನೂಲು ಸುತ್ತಿಕೊಂಡು ಬರುತ್ತದೆ. ಅದೇ ಡಿಎನ್‌ಎ, ಒಂದು ಜೀವಿ ಹೇಗಿರಬೇಕು ಅನ್ನುವ ಬರಹ. ಜತೆಗೆ ಒಂದಿಷ್ಟು ಬೇರೆ ಅಂಶವೂ ಸೇರಿರುತ್ತದೆ, ಅದನ್ನೂ ಮಕ್ಕಳಿಗೆ ಹೇಳಿ. ಸೋಪು ಜೀವಕೋಶದ ಜಿಡ್ಡಿನ ಪರೆ ಒಡೆಯಿತು. ಉಪ್ಪಿನಿಂದ ಎಳೆಗಳು ಒಟ್ಟುಗೂಡಿದವು. ಸ್ಪಿರಿಟ್‌ನಲ್ಲಿ ಡಿಎನ್‌ಎ ಕರಗೋದಿಲ್ಲ, ಹಾಗಾಗಿ ಕಣ್ಣಿಗೆ ಬಿತ್ತು. ಇಷ್ಟೇ ಕೆಲಸ. ಆದರೂ ನಾನು ಎಷ್ಟು ಸಲ ಮಾಡಿದರೂ ಆ ನೂಲು ಮೇಲೆದ್ದಾಗ ಮೈ ಜುಮ್ ಅನ್ನುತ್ತದೆ. ಒಂದು ವಿಷಯ ಹೇಳಿ, ಮಕ್ಕಳಿಗೆ ಖುಷಿ ಆಗುತ್ತದೆ: ಉಳ್ಳಾಗಡ್ಡಿಯ ಡಿಎನ್‌ಎಯಲ್ಲಿ ಸುಮಾರು 1,600 ಕೋಟಿ ಅಕ್ಷರಗಳಿವೆ, ಮನುಷ್ಯನದರಲ್ಲಿ ಸುಮಾರು 300 ಕೋಟಿ.

ಇನ್ನೊಂದು ಉಳ್ಳಾಗಡ್ಡಿ ಇದೆಯಲ್ಲ, ಅದನ್ನು ಹೆಚ್ಚಬೇಡಿ. ಒಂದು ಡಬ್ಬಿಯಲ್ಲಿ ಮಣ್ಣು ಹಾಕಿ ನೆಟ್ಟುಬಿಡಿ. ಕಿಟಕಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಡಿ, ನೂಲಿನ ಲೋಟ ಮತ್ತು ಗಡ್ಡಿಯ ಡಬ್ಬಿ. ಒಂದು ವಾರದಲ್ಲಿ ಗಡ್ಡಿ ಹಸಿರು ಕುಡಿ ಬಿಡುತ್ತದೆ. ನೂಲು ಹಾಗೇ ಬಿದ್ದಿರುತ್ತದೆ. ಉಳ್ಳಾಗಡ್ಡಿ ಹೇಗಿರಬೇಕು ಅನ್ನುವ ಬರಹ ಎರಡರಲ್ಲೂ ಇದೆ. ಓದಿ ಅದರಂತೆ ಕೆಲಸ ಮಾಡುವ ಜೀವಂತ ಕೋಶ ಗಡ್ಡಿಯಲ್ಲಿ ಮಾತ್ರ ಇದೆ.

ಇಡೀ ಪಾಠದ ಜೀವಾಳ ಇದೇ. ಮುಂದೆ ಯಾವ ಪ್ರಾಣಿಯ ಸುದ್ದಿ ಬಂದರೂ ಮೊದಲ ಪ್ರಶ್ನೆ ಒಂದೇ: ಅವರ ಕೈಯಲ್ಲಿ ಇರೋದು ನೂಲಾ, ಗಡ್ಡಿಯಾ?

ಎರಡನೇ ದಿನ: ಲಗ್ನಪತ್ರಿಕೆ ಹರಿಯಿರಿ

ಒಂದೇ ಮನೆಯ ಅಣ್ಣ ತಮ್ಮಂದಿರ ಲಗ್ನಪತ್ರಿಕೆ ಹುಡುಕಿ. ನಮ್ಮ ಕಡೆ ಪತ್ರಿಕೆ ಜೋಪಾನ ಮಾಡುವ ಮನೆಗಳು ಬೇಕಾದಷ್ಟಿವೆ, ಸಿಗುತ್ತದೆ. ಎರಡನ್ನೂ ಜೆರಾಕ್ಸ್ ಮಾಡಿಸಿ, ಅಸಲು ವಾಪಸ್ ಕೊಟ್ಟುಬಿಡಿ. ಅಣ್ಣನ ಪತ್ರಿಕೆಯನ್ನು ಮಕ್ಕಳಿಗೆ ತೋರಿಸಬೇಡಿ. ಅದನ್ನು ಅರ್ಧ ಹರಿಯಿರಿ. ಅರ್ಧವನ್ನು ಮತ್ತೆ ಅರ್ಧ. ಹೀಗೇ ಹರಿಯುತ್ತಾ ಹೋಗಿ, ಒಂದೊಂದು ಚೂರಿನಲ್ಲಿ ನಾಲ್ಕೈದು ಅಕ್ಷರ ಉಳಿಯುವ ತನಕ.

ಹರಿಯುವಾಗಲೇ ಹೇಳಿ, ಪ್ರಾಣಿ ಸತ್ತ ಮೇಲೆ ಡಿಎನ್‌ಎ ಹೀಗೇ ತುಂಡಾಗುತ್ತಾ ಹೋಗುತ್ತದೆ. ನ್ಯೂಜಿಲೆಂಡಿನಲ್ಲಿ ಅಳಿದುಹೋದ ಮೋಆ ಅನ್ನುವ ಹಕ್ಕಿಯ ಮೂಳೆಗಳನ್ನು ಪರೀಕ್ಷಿಸಿ 2012ರಲ್ಲಿ ಒಂದು ಲೆಕ್ಕ ಕೊಟ್ಟರು: ಅಲ್ಲಿಯ 13 ಡಿಗ್ರಿ ತಂಪಿನಲ್ಲಿ ಸುಮಾರು 521 ವರ್ಷಕ್ಕೆ ಅರ್ಧದಷ್ಟು ಕೊಂಡಿಗಳು ಕಡಿದುಹೋಗುತ್ತವೆ. ಬಿಸಿ ಹೆಚ್ಚಾದಷ್ಟೂ ಬೇಗ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮ ಎರೆಮಣ್ಣಿನಲ್ಲಿ ಹೂತ ಮೂಳೆಯ ಗತಿ ಏನು ಅಂತ ಮಕ್ಕಳೇ ಹೇಳುತ್ತಾರೆ. ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಲ್ಲಿ ಮಾತ್ರ ಹತ್ತು ಲಕ್ಷ ವರ್ಷಕ್ಕೂ ಹಳೆಯ, ಮ್ಯಾಮತ್ ಅನ್ನುವ ಅಳಿದುಹೋದ ಆನೆಯ ಹಲ್ಲಿನಿಂದ ಡಿಎನ್‌ಎ ಓದಲು ಆಗಿದೆ. ಡೈನೋಸಾರ್ ಅಳಿದು 6.6 ಕೋಟಿ ವರ್ಷ ಆಯಿತು. ಅದರ ನೂಲು ಎಲ್ಲೂ ಉಳಿದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿ, ಇಲ್ಲವಾದರೆ ಪ್ರತಿ ತರಗತಿಯಲ್ಲೂ ಅದೇ ಪ್ರಶ್ನೆ ಮೂರು ಸಲ ಬರುತ್ತದೆ.

ಈಗ ಚೂರುಗಳಲ್ಲಿ ಎರಡು ಹಿಡಿ ತೆಗೆದು ಹೊರಗೆ ಹಾಕಿ. ಉಳಿದದ್ದಕ್ಕೆ ಹಳೇ ಪೇಪರ್ ಹರಿದು ಅದಕ್ಕಿಂತ ಜಾಸ್ತಿ ಚೂರು ಬೆರೆಸಿ. ಹಳೇ ಮೂಳೆಯಲ್ಲಿ ಸಿಗುವ ಡಿಎನ್‌ಎಯಲ್ಲಿ ಎಷ್ಟೋ ಸಲ ಬಹುಪಾಲು ಮಣ್ಣಿನ ಬ್ಯಾಕ್ಟೀರಿಯಾ, ಬೂಷ್ಟುಗಳದ್ದೇ ಆಗಿರುತ್ತದೆ, ಅದಕ್ಕೇ ಇದು. ಎಲ್ಲವನ್ನೂ ಒಂದು ಮೊರದಲ್ಲಿ ಹಾಕಿ ಮಕ್ಕಳ ಮುಂದಿಡಿ. ಅಣ್ಣನ ಪತ್ರಿಕೆ ಜೋಡಿಸಿ ಅಂತ ಹೇಳಿ.

ಹತ್ತು ನಿಮಿಷ ಒದ್ದಾಡುತ್ತಾರೆ. ಆಗ ತಮ್ಮನ ಪತ್ರಿಕೆ ಇಡಿಯಾಗಿ ಕೊಡಿ. ನೋಡಿ, ಕೈ ಹೇಗೆ ಓಡುತ್ತವೆ ಅಂತ! ಎರಡರಲ್ಲೂ ಮನೆದೇವರು ಅದೇ, ಅಜ್ಜ ಅಜ್ಜಿಯ ಹೆಸರು ಅದೇ, ಸುಖಾಗಮನ ಬಯಸುವವರ ಉದ್ದನೆ ಪಟ್ಟಿಯೂ ಹೆಚ್ಚು ಕಡಿಮೆ ಅದೇ. ತಮ್ಮನದರ ಮೇಲೆ ಚೂರು ಇಟ್ಟು ಇಟ್ಟು ಅಣ್ಣನದನ್ನು ಕಟ್ಟುತ್ತಾರೆ. ಪ್ರಯೋಗಾಲಯದಲ್ಲಿ ಮಾಡುವುದೂ ಹೀಗೆಯೇ. ಮ್ಯಾಮತ್‌ನ ಚೂರುಗಳನ್ನು ಏಷ್ಯಾದ ಆನೆಯ ಡಿಎನ್‌ಎ ಮೇಲೆ ಇಟ್ಟು ಜೋಡಿಸುತ್ತಾರೆ. ಅಳಿದುಹೋದ ಡೋಡೊ ಹಕ್ಕಿಗೆ ಬದುಕಿರುವ ಹತ್ತಿರದ ನೆಂಟ ನಮ್ಮ ದೇಶದಲ್ಲೇ ಇದೆ, ನಿಕೋಬಾರ್ ಪಾರಿವಾಳ.

ಕೊನೆಗೆ ಒಂದು ಕಡೆ ಎಲ್ಲರೂ ನಿಲ್ಲುತ್ತಾರೆ. ನಮ್ಮ ತರಗತಿಯಲ್ಲಿ ನಿಂತದ್ದು ವಧುವಿನ ಹೆಸರಿನ ಹತ್ತಿರ. ಆ ಚೂರು ನಾನು ತೆಗೆದು ಹಾಕಿದ ಹಿಡಿಯಲ್ಲಿ ಹೋಗಿತ್ತು. ಒಬ್ಬಳು ಹುಡುಗಿ ತಮ್ಮನ ಪತ್ರಿಕೆ ನೋಡಿ ಅದೇ ಹೆಸರು ಬರೆಯಲು ಹೋದಳು, ಪಕ್ಕದವಳು ಕೈ ಹಿಡಿದಳು, "ಏ, ಅಕಿ ತಮ್ಮನ ಹೇಂತಿ!" ಖಾಲಿ ಜಾಗವನ್ನು ನೆಂಟನಿಂದ ತುಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಎಲ್ಲೂ ಸಿಕ್ಕಿಲ್ಲ. ಎರಡು ಜೀವಿಗಳು ಬೇರೆ ಆಗೋದು ಇಂತಹ ಜಾಗದಲ್ಲೇ ಅಲ್ವಾ?

ಇಲ್ಲಿಗೆ ಬಂದ ಮೇಲೆ ಡೈರ್ ತೋಳದ ಕಥೆ ಹೇಳಿ. ಸುಮಾರು 13,000 ವರ್ಷ ಹಳೆಯ ಒಂದು ಹಲ್ಲು, 72,000 ವರ್ಷ ಹಳೆಯ ಒಂದು ತಲೆಬುರುಡೆ, ಇವುಗಳಿಂದ ಡೈರ್ ತೋಳದ ಅಕ್ಷರಗಳನ್ನು ಓದಿದರು. ಇದು ನೂಲು. ಗಡ್ಡಿ ಇರಲಿಲ್ಲ. ಹಾಗಾಗಿ ಈಗ ಬದುಕಿರುವ ಬೂದು ತೋಳದ ಜೀವಕೋಶ ತಗೊಂಡು, ಕ್ರಿಸ್ಪರ್ ಅನ್ನುವ ವಿಧಾನದಿಂದ ಅದರ 14 ಜೀನ್‌ಗಳಲ್ಲಿ, ಅಂದರೆ ಒಂದೊಂದು ಗುಣಕ್ಕೆ ಸಂಬಂಧಪಟ್ಟ ಡಿಎನ್‌ಎ ಸಾಲುಗಳಲ್ಲಿ, 20 ಕಡೆ ಬದಲಾವಣೆ ಮಾಡಿದರು. ಕ್ರಿಸ್ಪರ್ ಅಂದರೆ ಬೇಕಾದ ಸಾಲನ್ನೇ ಹುಡುಕಿ ಅಲ್ಲೇ ಕತ್ತರಿಸುವ ಕತ್ತರಿ ಅಂದುಕೊಳ್ಳಿ. ಆ ಕೋಶದ ಬೀಜಕೇಂದ್ರವನ್ನು, ಅಂದರೆ ಡಿಎನ್‌ಎ ಇರುವ ಭಾಗವನ್ನು, ಖಾಲಿ ಮಾಡಿದ ಅಂಡಾಣುವಿನಲ್ಲಿ ಇಟ್ಟು, ಭ್ರೂಣ ಬೆಳೆಸಿ, ನಾಯಿಗಳ ಗರ್ಭದಲ್ಲಿ ಇಟ್ಟರು. 2024ರ ಅಕ್ಟೋಬರ್ 1ರಂದು ಎರಡು ಗಂಡು ಮರಿ, 2025ರ ಜನವರಿಯಲ್ಲಿ ಒಂದು ಹೆಣ್ಣು ಮರಿ ಹುಟ್ಟಿದವು. 20 ಬದಲಾವಣೆಯಲ್ಲಿ 15 ಮಾತ್ರ ಡೈರ್ ತೋಳದ್ದು. ಬಿಳಿ ಬಣ್ಣಕ್ಕೆ ಸಂಬಂಧಪಟ್ಟ ಡೈರ್ ತೋಳದ ಅಸಲು ರೂಪ ಹಾಕಿದ್ದರೆ ಬೂದು ತೋಳದಲ್ಲಿ ಕಿವುಡು, ಕುರುಡು ಬರುವ ಭಯವಿತ್ತು, ಅದಕ್ಕೆ ಬೇರೆ ದಾರಿಯಿಂದ ಆ ಬಣ್ಣ ತಂದರು.

ಈಗ ಬೋರ್ಡ್ ಮೇಲೆ ಒಂದು ಲೆಕ್ಕ ಹಾಕಿಸಿ. ತೋಳದ ಡಿಎನ್‌ಎ ಸುಮಾರು 240 ಕೋಟಿ ಅಕ್ಷರ. ಎರಡು ತೋಳಗಳೂ 99.5 ಪ್ರತಿಶತ ಒಂದೇ ಅಂತ ಕಂಪನಿಯವರೇ ಹೇಳಿದ್ದಾರೆ. ಉಳಿದ ಅರ್ಧ ಪ್ರತಿಶತ ಅಂದರೆ ಎಷ್ಟು? ಒಂದು ಕೋಟಿ ಇಪ್ಪತ್ತು ಲಕ್ಷ. ಬದಲಾಯಿಸಿದ್ದು 20 ಕಡೆ. ಲೆಕ್ಕ ಮುಗಿಸಿದ ಮಕ್ಕಳು ತಾವಾಗಿಯೇ ತಲೆ ಎತ್ತುತ್ತಾರೆ. ತಮ್ಮನ ಪತ್ರಿಕೆಯಲ್ಲಿ ಒಂದೆರಡು ಅಕ್ಷರ ತಿದ್ದಿದರೆ ಅಣ್ಣನ ಪತ್ರಿಕೆ ಆಗುತ್ತಾ? ಆ ಮೂರೂ ತಿದ್ದಿದ ಬೂದು ತೋಳಗಳು ಅಂತ ಬೇರೆ ವಿಜ್ಞಾನಿಗಳು ಹೇಳಿದ್ದು ಇದೇ ಕಾರಣಕ್ಕೆ, ಕಂಪನಿಯ ಮುಖ್ಯ ವಿಜ್ಞಾನಿಯೂ ಆಮೇಲೆ ಅದನ್ನು ಒಪ್ಪಿ ಮಾತಾಡಿದ್ದಾರೆ. ಹಾಗಂತ ಆ ಕೆಲಸವನ್ನು ಮಕ್ಕಳ ಮುಂದೆ ಹಗುರ ಮಾಡಬೇಡಿ. ಒಂದೇ ಕೋಶದಲ್ಲಿ 20 ಕಡೆ ತಿದ್ದಿ ಅದರಿಂದ ಜೀವಂತ ಮರಿ ಪಡೆಯುವುದು ದೊಡ್ಡ ಕೆಲಸ. ನಾನು ತಕರಾರು ಮಾಡುವುದು ಹೆಸರಿಗೆ ಮಾತ್ರ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2016ರಲ್ಲೇ ಇಂತಹ ಪ್ರಾಣಿಗಳಿಗೆ ಪ್ರಾಕ್ಸಿ ಅನ್ನುವ ಪದ ಬಳಸಿದೆ. ಹಾಜರಿ ಕೂಗುವಾಗ ಇಲ್ಲದವನ ಬದಲು ಇನ್ನೊಬ್ಬ ಎಸ್ ಸರ್ ಅನ್ನುತ್ತಾನಲ್ಲ, ಆ ಪದವೇ. ಮಕ್ಕಳಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಗಡ್ಡಿ ಇದ್ದರೂ ಸುಲಭ ಅಲ್ಲ

ಇದನ್ನು ಎರಡನೇ ದಿನದ ಕೊನೆಗೆ ಕಥೆಯ ಹಾಗೆ ಹೇಳಿ. ಮಕ್ಕಳು ಉಸಿರು ಬಿಗಿ ಹಿಡಿದು ಕೇಳುತ್ತಾರೆ.

ಸ್ಪೇನ್ ದೇಶದ ಬೆಟ್ಟಗಳಲ್ಲಿ ಬುಕಾರ್ಡೊ ಅನ್ನುವ ಕಾಡುಮೇಕೆ ಇತ್ತು. ಕೊನೆಗೆ ಒಂದೇ ಒಂದು ಉಳಿಯಿತು, ಸೆಲಿಯಾ ಅಂತ ಹೆಸರಿಟ್ಟಿದ್ದರು. 1999ರಲ್ಲಿ ಅದನ್ನು ಹಿಡಿದು, ಕಿವಿಯಿಂದ ಚಿಟಿಕೆಯಷ್ಟು ಚರ್ಮ ತೆಗೆದು, ಆ ಕೋಶಗಳನ್ನು ದ್ರವ ಸಾರಜನಕದಲ್ಲಿ ಇಟ್ಟು ಬಿಟ್ಟರು. 2000ದ ಜನವರಿ 6ರಂದು ಅದು ಮರ ಬಿದ್ದು ಸತ್ತದ್ದು ಕಂಡಿತು. ಅಲ್ಲಿಗೆ ಆ ಮೇಕೆಯ ವಂಶ ಮುಗಿಯಿತು. ಆದರೆ ಗಡ್ಡಿ ಇತ್ತಲ್ಲ! ಆ ಕೋಶಗಳಿಂದ ನೂರಾರು ಭ್ರೂಣ ಮಾಡಿ, ಎಷ್ಟೋ ಮೇಕೆಗಳ ಗರ್ಭದಲ್ಲಿ ಇಟ್ಟು ನೋಡಿದರು. 2003ರ ಜುಲೈ 30ರಂದು ಒಂದೇ ಒಂದು ಮರಿ ಜೀವಂತ ಹುಟ್ಟಿತು. ಶ್ವಾಸಕೋಶ ಸರಿ ಬೆಳೆದಿರಲಿಲ್ಲ. ಕೆಲವೇ ನಿಮಿಷ ಉಸಿರಾಡಿ ಸತ್ತಿತು. ಬದುಕಿದ್ದರೂ ಒಂಟಿ ಹೆಣ್ಣು, ಯಾಕೆಂದರೆ ಗಂಡಿನ ಕೋಶ ಯಾರೂ ತೆಗೆದಿಟ್ಟಿರಲಿಲ್ಲ.

ಅದಕ್ಕೂ ಮೊದಲು, 2001ರ ಜನವರಿ 8ರಂದು ಅಮೆರಿಕದಲ್ಲಿ ಒಂದು ಸಾಧಾರಣ ಆಕಳು ಕಾಡುಕೋಣದ ಕರು ಹಾಕಿತು. ಹೌದು, ನಮ್ಮ ಖಾನಾಪುರ, ಭೀಮಗಡದ ಕಾಡಲ್ಲಿ ಓಡಾಡುವ ಅದೇ ಕಾಡುಕೋಣ. ಎಂಟು ವರ್ಷ ಹಿಂದೆ ಸತ್ತ ಕೋಣದ ಫ್ರೀಜ್ ಮಾಡಿದ ಕೋಶ ಬಳಸಿದ್ದರು. ಕರುವಿಗೆ ನೋವಾ ಅಂತ ಹೆಸರಿಟ್ಟರು. ಎರಡು ದಿನದಲ್ಲಿ ಭೇದಿ ಆಗಿ ಹೋಯಿತು.

ಗೆದ್ದ ಕಥೆಯೂ ಇದೆ. ಅಮೆರಿಕದ ಕಪ್ಪು ಕಾಲಿನ ಫೆರೆಟ್, ನೋಡಲು ಮುಂಗುಸಿಯ ಹಾಗಿರುತ್ತದೆ, ಪೂರ್ತಿ ಅಳಿಯಿತು ಅಂದುಕೊಂಡಿದ್ದಾಗ 1981ರಲ್ಲಿ ಒಂದು ಸಣ್ಣ ಗುಂಪು ಸಿಕ್ಕಿತು. ಇವತ್ತಿರುವ ಎಲ್ಲ ಫೆರೆಟ್‌ಗಳು ಆ ಗುಂಪಿನ ಏಳು ಪ್ರಾಣಿಗಳ ಸಂತಾನ. ಏಳೇ ಮನೆಯೊಳಗೆ ತಲೆತಲಾಂತರ ಕೊಟ್ಟು ತಂದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಆ ಏಳರಲ್ಲಿ ಸೇರದ ವಿಲ್ಲಾ ಅನ್ನುವ ಹೆಣ್ಣಿನ ಕೋಶವನ್ನು 1988ರಲ್ಲಿ ಫ್ರೀಜ್ ಮಾಡಿ ಇಟ್ಟಿದ್ದರು. ಮೂವತ್ತೆರಡು ವರ್ಷ ಆದ ಮೇಲೆ, 2020ರ ಡಿಸೆಂಬರ್ 10ರಂದು ಅದರ ಕ್ಲೋನ್, ಅಂದರೆ ಅದೇ ಡಿಎನ್‌ಎ ಇರುವ ತದ್ರೂಪು, ಹುಟ್ಟಿತು, ಎಲಿಜಬೆತ್ ಆ್ಯನ್. ಅದು ಮರಿ ಹಾಕಲಿಲ್ಲ. ಅದರ ಹಾಗೆಯೇ ವಿಲ್ಲಾಳ ಕೋಶದಿಂದ ಹುಟ್ಟಿದ ಆಂಟೋನಿಯಾ 2024ರಲ್ಲಿ ಮರಿ ಹಾಕಿತು. ಆ ಕೋಶ ಫ್ರೀಜ್ ಮಾಡಿದವರಿಗೆ ಮುಂದೆ ಯಾರು, ಯಾವಾಗ ಬಳಸುತ್ತಾರೆ ಅಂತ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆದರೂ ಇಟ್ಟರು. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡವರಾಗಿ ಕಾಣುವವರು ಅವರೇ.

ನಮ್ಮ ದೇಶದಲ್ಲೂ ಈ ಕೈಚಳಕ ಇದೆ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 2009ರಲ್ಲಿ ಗರಿಮಾ ಅನ್ನುವ ಕ್ಲೋನ್ ಎಮ್ಮೆ ಕರು ಹುಟ್ಟಿತು. 2023ರ ಮಾರ್ಚ್‌ನಲ್ಲಿ ಗೀರ್ ಆಕಳ ಬಾಲದ ಕೋಶ, ಸಾಹಿವಾಲ್ ಆಕಳ ಅಂಡಾಣು ಸೇರಿಸಿ ಗಂಗಾ ಅನ್ನುವ ಕರು ಪಡೆದರು. ಇದನ್ನು ತಪ್ಪದೆ ಹೇಳಿ, ಮಕ್ಕಳು ಇದೆಲ್ಲ ದೂರದ ಅಮೆರಿಕದ ಮಾತು ಅಂದುಕೊಂಡಿರುತ್ತಾರೆ.

ತಾಯಿ ಯಾರು, ಜಾಗ ಎಲ್ಲಿ

ಸುದ್ದಿ ಓದುವಾಗ ಕೇಳಬೇಕಾದ ಇನ್ನೆರಡು ಪ್ರಶ್ನೆ ಇವು.

ತಾಯಿಯ ವಿಷಯ ಬೇಗ ಮುಗಿಯುತ್ತದೆ. ಆನೆ ಗಬ್ಬ ಹೊರುವುದು ಸುಮಾರು 22 ತಿಂಗಳು, ಅದೂ ಏಷ್ಯಾದ ಆನೆಯೇ ಅಪಾಯದಲ್ಲಿದೆ. ಮ್ಯಾಮತ್ ಮರಿಗಾಗಿ ಅದರ ಗರ್ಭ ಬಳಸುವುದು ಸರಿಯಲ್ಲ ಅಂತ ನನ್ನ ಖಚಿತ ಅಭಿಪ್ರಾಯ. 1936ರಲ್ಲಿ ಸತ್ತ ಕೊನೆಯ ಟಾಸ್ಮೇನಿಯಾ ಹುಲಿ ನಾಯಿಯಷ್ಟು ದೊಡ್ಡದಿತ್ತು, ಅದಕ್ಕೆ ತಾಯಿಯಾಗಿ ಬಳಸಲು ಹೊರಟ ನೆಂಟಪ್ರಾಣಿ ಇಲಿಯಷ್ಟಿದೆ. ಕಾಂಗರೂವಿನ ಹಾಗೆ ಇವೆರಡೂ ಹೊಟ್ಟೆಚೀಲದ ಪ್ರಾಣಿಗಳು, ಅಂಥವುಗಳ ಮರಿ ಹುಟ್ಟುವಾಗ ಅಕ್ಕಿಕಾಳಿನಷ್ಟೇ ಇರುವುದರಿಂದ ಆ ಯೋಚನೆ ಬಂದಿದೆ. ಹಕ್ಕಿಗಳಲ್ಲಿ ಮೇಕೆ, ಎಮ್ಮೆಯ ಹಾಗೆ ಕ್ಲೋನ್ ಮಾಡಲು ಇನ್ನೂ ದಾರಿ ಸಿಕ್ಕಿಲ್ಲ, ಮೊಟ್ಟೆಯ ಕಟ್ಟಡವೇ ಬೇರೆ.

ಜಾಗದ ವಿಷಯ ಬಂದಾಗ ನಾನು ಪುಸ್ತಕ ಮುಚ್ಚಿಡುತ್ತೇನೆ. ನಮ್ಮದು ಪುನರ್ವಸತಿ ಊರು. ಹಳೇ ಊರು ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಹೊಸ ಊರಿಗೂ ಹೆಸರು ಅದೇ ಇದೆ, ಗುಡಿಯ ಮೂರ್ತಿ ತಂದು ಇಲ್ಲೂ ಕೂಡಿಸಿದ್ದೇವೆ. ಮನೆ ನಂಬರ್ ಹಚ್ಚಿ ಕೊಟ್ಟವರು ಯಾರ ಮನೆ ಪಕ್ಕ ಯಾರದಿತ್ತು ಅಂತ ಕೇಳಲಿಲ್ಲ. ನಮ್ಮ ಅವ್ವ ಇವತ್ತಿಗೂ ಸಂಜೆ ಹೊರಗೆ ಕೂತರೆ, ಎದುರಿನ ಮನೆ ಕಡೆ ನೋಡಿ ಹಳೇ ಊರಿನ ಗೆಳತಿಯ ಹೆಸರು ಹೇಳುತ್ತಾರೆ. ಆಕೆಗೆ ಸಿಕ್ಕ ಮನೆ ಊರ ಆ ತುದಿಗೆ. ಮಕ್ಕಳಿಗೆ ಕೇಳಿ, ಮನೆಯಲ್ಲಿ ಹಿರಿಯರು ಏನೇನು ಇಲ್ಲಿ ಇಲ್ಲ ಅಂತಾರೆ? ಹೊಳೆ ದಂಡೆ, ಬೇವಿನ ಮರ, ಕಟ್ಟೆ, ಹುಲ್ಲುಗಾವಲು, ಪಟ್ಟಿ ಉದ್ದ ಆಗುತ್ತದೆ. ಆಮೇಲೆ ಕೇಳಿ: ಒಂದು ಪ್ರಾಣಿಯನ್ನು ಹೀಗೇ ತಂದು ಹೊಸ ಜಾಗದಲ್ಲಿ ಬಿಟ್ಟರೆ? ಬೇಟೆ ಕಲಿಸುವ ತಾಯಿ ಇಲ್ಲ, ಗುಂಪು ಇಲ್ಲ. ಅಮೆರಿಕದ ಅಲೆಮಾರಿ ಪಾರಿವಾಳ ಒಂದು ಕಾಲಕ್ಕೆ ನೂರಾರು ಕೋಟಿ ಇತ್ತು, ಆಕಾಶ ಮುಚ್ಚುವಂತೆ ಹಾರುತ್ತಿತ್ತು. ಕೊನೆಯದು, ಮಾರ್ಥಾ, 1914ರ ಸೆಪ್ಟೆಂಬರ್ 1ರಂದು ಮೃಗಾಲಯದ ಪಂಜರದಲ್ಲಿ ಸತ್ತಿತು. ಹತ್ತು ಪಾರಿವಾಳ ಹುಟ್ಟಿಸಿದರೆ ಆ ಹಿಂಡು ಬರುತ್ತಾ?

ಚೀತಾ ಉದಾಹರಣೆಯೂ ಚೆನ್ನಾಗಿ ಹೊಂದುತ್ತದೆ. ನಮ್ಮ ದೇಶದಲ್ಲಿ ಚೀತಾ ಅಳಿಯಿತು ಅಂತ 1952ರಲ್ಲಿ ಘೋಷಿಸಿದರು. ಹೈದರಾಬಾದಿನ ವಿಜ್ಞಾನಿಗಳು ಇರಾನಿನ ಚೀತಾದಿಂದ ಕ್ಲೋನ್ ಮಾಡಬೇಕು ಅಂದುಕೊಂಡಿದ್ದರು, ಇರಾನ್ ಒಪ್ಪಲಿಲ್ಲ. ಕೊನೆಗೆ 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು ಚೀತಾ ಮಧ್ಯಪ್ರದೇಶದ ಕುನೋ ಕಾಡಿಗೆ ಬಂದವು, ಪ್ರಯೋಗಾಲಯವೇ ಬೇಕಾಗಲಿಲ್ಲ. ಆದರೆ ಅವು ಆಫ್ರಿಕಾದ ಚೀತಾ, ಇಲ್ಲಿದ್ದದ್ದು ಏಷ್ಯಾದ್ದು.

ಮೂರನೇ ದಿನ: ದನದ ದವಾಖಾನಿ

ಒಂದು ದಿನ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ಬೆಳಿಗ್ಗೆ ದನ ಹಿಡಿದುಕೊಂಡು ಬಂದವರ ಗದ್ದಲ ಇರುತ್ತದೆ, ಮಧ್ಯಾಹ್ನ ಹೋಗಿ. ಹತ್ತು ಹದಿನೈದು ಮಕ್ಕಳಿಗಿಂತ ಜಾಸ್ತಿ ಬೇಡ. "ಫ್ರೀಜ್ ಮಾಡಿದ ವೀರ್ಯ ಇಡುವ ಕ್ಯಾನ್ ತೋರಿಸಿ ಸರ್" ಅಂದರೆ ಸಾಕು.

ಹಾಲಿನ ಕ್ಯಾನಿನ ಹಾಗಿರುವ ಅಲ್ಯೂಮಿನಿಯಂ ಪಾತ್ರೆ. ಡಾಕ್ಟರ್ ಮುಚ್ಚಳ ಎತ್ತಿದ ಕೂಡಲೇ ಬಿಳಿ ಹೊಗೆ ಉಕ್ಕಿ, ಕ್ಯಾನಿನ ಕತ್ತು ಹಿಡಿದು ನೆಲಕ್ಕಿಳಿಯುತ್ತದೆ. ಮಕ್ಕಳು ಕೈ ಚಾಚುತ್ತಾರೆ, ಬಿಡಬೇಡಿ. ಒಳಗಿರುವ ದ್ರವ ಸಾರಜನಕ ಮೈನಸ್ 196 ಡಿಗ್ರಿ, ತಾಗಿದರೆ ಸುಟ್ಟ ಹಾಗೇ ಗಾಯ ಆಗುತ್ತದೆ. ಕಿಟಕಿ ಬಾಗಿಲು ತೆರೆದಿರಲಿ. ಡಾಕ್ಟರ್ ಚಿಮಟದಲ್ಲಿ ಒಂದು ಸ್ಟ್ರಾ ಎತ್ತುತ್ತಾರೆ, ಪೆನ್ನಿನ ರೀಫಿಲ್‌ನಷ್ಟು ತೆಳ್ಳಗೆ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ತಳಿ, ಹೋರಿಯ ನಂಬರ್, ತಾರೀಖು ಇರುತ್ತವೆ. ಬಳಸುವಾಗ 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಒಳಗಿನ ಜೀವ ಎಚ್ಚರಾಗುತ್ತದೆ. ಮಕ್ಕಳಿಂದ ಕೇಳಿಸಿ, "ಈ ಹೋರಿ ಸತ್ತಿದ್ದರೂ ಕರು ಹುಟ್ಟುತ್ತಾ ಸರ್?" ಹುಟ್ಟುತ್ತದೆ. ಸತ್ತು ಎಷ್ಟೋ ವರ್ಷ ಆದ ಹೋರಿಯ ಕರುಗಳು ನಮ್ಮ ಊರಲ್ಲೇ ಇರಬಹುದು. ಸೆಲಿಯಾಳ ಕಿವಿಯ ಚರ್ಮ, ವಿಲ್ಲಾಳ ಕೋಶ ಇದ್ದದ್ದೂ ಇಂತಹ ಕ್ಯಾನಿನೊಳಗೇ.

ಇಲ್ಲಿ ನಿಂತು ಆ ಹುಡುಗನ ಎತ್ತಿನ ಪ್ರಶ್ನೆಗೆ ಉತ್ತರ ಕೊಟ್ಟೆ. ಅವನ ಅಜ್ಜನದು ಕೃಷ್ಣಾ ಕಣಿವೆ ತಳಿಯ ಜೋಡಿ. ನಮ್ಮ ಹೊಳೆಸಾಲಿನ ಎರೆಭೂಮಿ ಉಳುವುದಕ್ಕೆ ಅಂತಲೇ 19ನೇ ಶತಮಾನದ ಕೊನೆಯ ಹೊತ್ತಿಗೆ ಗೀರ್, ಓಂಗೋಲ್ ಮತ್ತು ಇಲ್ಲಿಯ ದನಗಳನ್ನು ಕೂಡಿಸಿ ಬೆಳೆಸಿದ ಭಾರೀ ಮೈಕಟ್ಟಿನ ದನ ಅದು. ಟ್ರ್ಯಾಕ್ಟರ್ ಬಂದ ಮೇಲೆ ಕೇಳುವವರಿಲ್ಲದೆ ಬಹಳ ಕಡಿಮೆ ಆಗಿದೆ. "ನಿಮ್ಮ ಅಜ್ಜನ ಎತ್ತು ಸತ್ತಾಗ ಕಿವಿ ಚರ್ಮ ತೆಗೆದಿಟ್ಟಿದ್ದರಾ?" ಇಲ್ಲ. "ಹಾಗಾದರೆ ಸ್ಟ್ರಾ?" ಹುಡುಗನೇ ಹೇಳಿದ, "ಎತ್ತಿಂದ ಎಲ್ಲಿ ಸ್ಟ್ರಾ ಬರ್ತದ್ರಿ ಅಕ್ಕೋರ, ಬೀಜ ಒಡಿಸಿರ್ತಾರಲ್ರಿ." ಆ ಎತ್ತು ಬರುವುದಿಲ್ಲ. ನಾನು ಅದನ್ನು ಮೆತ್ತಗೆ ಮಾಡಿ ಹೇಳಲಿಲ್ಲ, ಅವನಿಗೆ ಪೂರ್ತಿ ಅರ್ಥವಾಗಿತ್ತು.

ಆದರೆ ಆ ತಳಿ ಇನ್ನೂ ಇದೆ. ಹಾಗಾಗಿ ಪಾಠ ದವಾಖಾನಿಯಲ್ಲಿ ಮುಗಿಸಬೇಡಿ, ಒಂದು ಮನೆಗೆಲಸ ಕೊಡಿ. ಮಕ್ಕಳು ಅಜ್ಜ ಅಜ್ಜಿಯನ್ನು ಕೇಳಿ ಎರಡು ಪಟ್ಟಿ ತರಲಿ. ಒಂದು, ಅವರು ಕಂಡ, ಈಗ ಕಾಣದ ಕಾಡುಪ್ರಾಣಿ, ಹಕ್ಕಿ. ತೋಳ, ಚಿಂಕಾರ ಬಂದರೆ ಯಡಹಳ್ಳಿ ಅಭಯಾರಣ್ಯದ ಮಾತು ತೆಗೆಯಿರಿ, ನಮ್ಮ ಜಿಲ್ಲೆಯಲ್ಲೇ ಇದೆ. ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬಂದರೆ, ಅದು ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿದೆ ಅಂತ ಹೇಳಿ. ರಾಜಸ್ಥಾನದ ಜೈಸಲ್ಮೇರ್‌ನಲ್ಲಿ 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಅದರ ಮರಿ ಆಗಿದೆ, ಅಂದರೆ ನಮ್ಮ ದನದ ಡಾಕ್ಟರ್ ಮಾಡುವ ಕೆಲಸದ ಅಣ್ಣನೇ. ಎರಡನೇ ಪಟ್ಟಿ, ಸುತ್ತಮುತ್ತ ಯಾರ ಮನೆಯಲ್ಲಿ ಕೃಷ್ಣಾ ಕಣಿವೆ ತಳಿಯ ದನ ಇನ್ನೂ ಇದೆ.

ಸಿಕ್ಕರೆ ಮಾಲೀಕರ ಒಪ್ಪಿಗೆ ಕೇಳಿ ಮುಂದಿನಿಂದ, ಮಗ್ಗುಲಿನಿಂದ ಒಂದೊಂದು ಫೋಟೊ ತೆಗೆದು, ಮನೆ ಎಲ್ಲಿ ಅಂತ ಬರೆದು ಡಾಕ್ಟರಿಗೆ ಕೊಡಿ. ಊರಲ್ಲೇ ವೀರ್ಯ ತೆಗೆಯುವುದಿಲ್ಲ, ಮೊದಲು ರೋಗಗಳ ಪರೀಕ್ಷೆ ಆಗಬೇಕು, ಅದಕ್ಕೆ ಕೇಂದ್ರಗಳಿವೆ. ದೇಶಿ ತಳಿಗಳ ವೀರ್ಯ, ಕೋಶ ಫ್ರೀಜ್ ಮಾಡಿ ಇಡಲು ಕರ್ನಾಲ್‌ನಲ್ಲಿ ರಾಷ್ಟ್ರೀಯ ಬ್ಯೂರೊವೇ ಇದೆ. ಕಾಗದಪತ್ರದ ದಾರಿ ಡಾಕ್ಟರಿಗೆ ಗೊತ್ತಿರುತ್ತದೆ. ನೀವು ಮಾಡಬೇಕಾದದ್ದು ಬೇಗ ತಿಳಿಸುವುದು. ಹೋರಿ ಕಂಡರೆ ವಯಸ್ಸು, ಬೆಲೆ ಕೇಳುವ ಮೊದಲೇ ಕೇಳಬೇಕಾದ ಮಾತು ಒಂದೇ, ಬೀಜ ಒಡೆಸಿದ್ದೀರಾ ಅಂತ.

ನಮ್ಮ ಮಕ್ಕಳಿಗೆ ಇಲ್ಲಿತನಕ ಎರಡು ಆಕಳು, ಒಂದು ಹೋರಿ ಸಿಕ್ಕಿವೆ. ಹೋರಿ ಪತ್ತೆ ಮಾಡಿದ್ದು ಅದೇ ಹುಡುಗ, ಅಜ್ಜನನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಮೂರು ಊರು ತಿರುಗಿ. ಉಳುಮೆಗೆ ಹೂಡಬೇಕು ಅಂತ ಮುಂದಿನ ತಿಂಗಳು ಅದರ ಬೀಜ ಒಡೆಸುವವರಿದ್ದರು. ಸದ್ಯ ನಿಲ್ಲಿಸಿದ್ದಾರೆ. ಸೋಮವಾರ ಡಾಕ್ಟರ್ ಬಂದು ನೋಡುತ್ತೇನೆ ಅಂದಿದ್ದಾರೆ.